ಕಸ್ತೂರೆವ್ವ ಹೇಳಲೊಲ್ಲದ ಸಾಕ್ಷಿ

ದಾನಪ್ಪ ಸತ್ತ ಮೂವತ್ತೊಂದನೇ ದಿನ ಯಾಕೋಬಪ್ಪ ಹಿರಿಯರು ಕಸ್ತೂರೆವ್ವನ ಮನಿಗೆ ಬಂದರು. ಬೆಟಗೇರಿಯ ಆ ಸಣ್ಣ ಚರ್ಚಿನ ಆಡಳಿತವೆಲ್ಲ ಅವರ ಕೈಯಲ್ಲಿ. ಚಪ್ಪಲಿ ಬಿಟ್ಟರು, ಕುರ್ಚಿ ತಾವೇ ಎಳೆದುಕೊಂಡು ಕುಂತರು, ಕಿಸೆಯಿಂದ ನಾಲ್ಕು ಮಡಿಕೆಯ ಒಂದು ಹಾಳಿ ತೆಗೆದರು.

“ನಲವತ್ತನೇ ದಿನದ ಪ್ರಾರ್ಥನ್ಯಾಗ ನೀ ಎದ್ದು ನಿಂತು ಸಾಕ್ಷಿ ಹೇಳಬೇಕಲ್ಲ ತಂಗಿ. ಓದು ಬಾಳ ಕಲಿತಾಕಿ ಅಲ್ಲ, ಮಂದಿ ಮುಂದ ತಡವರಿಸಬಾರದು ಅಂತ ನಾನ ಬರಕೊಂಡು ಬಂದೀನಿ. ನಾಕ ಸಾಲು.”

ಕಸ್ತೂರೆವ್ವ ಮಗ್ಗದ ಲಾಳಿಗೆ ನೂಲಿನ ಕಂಡಿಕೆ ಸುತ್ತುವ ರಾಟಿ ನಿಲ್ಲಿಸಿದಳು. ನಾಲ್ಕನೇತ್ತೆ ಓದಿದಾಕಿ. ಅಕ್ಷರ ಕೂಡಿಸಿ ಓದಲು ಬರುತ್ತಿತ್ತು, ಹೊತ್ತು ಹಿಡಿಯುತ್ತಿತ್ತು. ಹಿರಿಯರು ಕಾಯ್ದರು. ಆಕಿ ಬೆರಳಿಟ್ಟು ಓದಿದಳು.

ಕರ್ತನು ತನ್ನ ಸೇವೆಯಲ್ಲಿರುವಾಗಲೇ ನನ್ನ ಗಂಡನನ್ನು ಕರೆದುಕೊಂಡನು. ಇದು ಆತನ ಚಿತ್ತ. ನನಗೆ ಯಾರ ಮೇಲೂ ಸಿಟ್ಟಿಲ್ಲ. ಆತನಿಗೆ ಸ್ತೋತ್ರ.

ಬೆರಳು ಮೂರನೇ ಸಾಲಿನ ಮೇಲೆ ನಿಂತಿತು.

“ಈ ಸಾಲು ಯಾರ ಸಲುವಾಗಿ ಬರದೀರಿ?”

“ಎಲ್ಲಾರ ಸಲುವಾಗಿ.”

“ಎಲ್ಲಾರೂ ಆತನ್ನ ಮ್ಯಾಲ ಹತ್ತಸಲಿಲ್ಲಲ್ರಿ.”

ಯಾಕೋಬಪ್ಪ ಕನ್ನಡಕ ತೆಗೆದು ಒರೆಸಿದರು. “ಸಿಟ್ಟು ಸೈತಾನಂದು, ತಂಗಿ. ದಾನಪ್ಪ ದೊಡ್ಡ ಸಾವು ಸತ್ತಾನ. ಅದನ್ನ ಸಣ್ಣದು ಮಾಡಬ್ಯಾಡ,” ಅಂದು ಎದ್ದರು. ಹಾಳಿ ಕುರ್ಚಿಯ ಮೇಲೆ ಉಳಿಯಿತು. ಕಸ್ತೂರೆವ್ವ ಅದನ್ನು ಅಕ್ಕಿ ಡಬ್ಬಿಯ ಕೆಳಗೆ ತುರುಕಿದಳು. ಒಲಿಗೆ ಹಾಕಬೇಕು ಅನ್ನಿಸಿತ್ತು, ಆದರೆ ಬೂದಿಯಾದರೆ ಅವರು ಬರೆದದ್ದಕ್ಕೆ ಗುರುತು ಎಲ್ಲಿ ಉಳಿದೀತು.

ಆಕಿ ಹುಟ್ಟಿದ್ದು ಮುಂಡರಗಿಯಲ್ಲಿ, ಬೆಳೆದದ್ದು ಗದಗಿನಲ್ಲಿ. ಅಪ್ಪ ಗದಗ ಸ್ಟೇಶನ್ನಿನ ಮುಂದೆ ಟಾಂಗಾ ಹೊಡೆಯುತ್ತಿದ್ದ. ಆಟೋ ಬಂದವು, ಟಾಂಗಾ ಹೋತು, ಅಪ್ಪ ಹಮಾಲಿ ಮಾಡಿದ. ಬೆಟಗೇರಿಯ ಮಗ್ಗದ ಮನಿಯೊಂದಕ್ಕೆ ಆಕಿ ಕೂಲಿಗೆ ಬಂದಾಗ ಅಲ್ಲಿ ಮಗ್ಗ ರಿಪೇರಿ ಮಾಡುವವ ದಾನಪ್ಪ. ನೂಲು ಹರಿದರೆ ಬೇರೆಯವರು ಬೈಯುತ್ತಿದ್ದರು, ಈತ ಮೊದಲು ಮಗ್ಗಕ್ಕೆ ಕಿವಿಗೊಟ್ಟು ಕೇಳುತ್ತಿದ್ದ. ಅದಕ್ಕೆ ಮೆಚ್ಚಿದಳು. ಮದುವೆಗೆ ಮೊದಲು ದೀಕ್ಷಾಸ್ನಾನ ಆತು. ಹೆಸರು ಕರುಣಾ ಅಂತ ಬದಲು ಮಾಡೋಣು ಅಂದರು ಹಿರಿಯರು. “ಹೆಸರು ಕರದ್ರ ನಾ ಹೊಳ್ಳಿ ನೋಡಬೇಕಲ್ಲ. ಕರುಣಾ ಅಂದ್ರ ನೋಡೂದಿಲ್ಲ,” ಅಂದಳು. ಚರ್ಚಿನ ದಫ್ತರಿನಲ್ಲಿ ಕರುಣಾ ಉಳಿದಳು, ಊರಲ್ಲಿ ಕಸ್ತೂರೆವ್ವ. ಇಪ್ಪತ್ತೆರಡು ವರ್ಷದ ಸಂಸಾರ. ಮಗಳು ಸ್ನೇಹಾ ಈಗ ಗದಗಿನಲ್ಲಿ ಕಾಲೇಜಿಗೆ ಹೋಗುತ್ತಾಳೆ. ಬಡತನ ಇತ್ತು, ಜಗಳವೂ ಇತ್ತು. ಮಾಗಡಿ ಕೆರಿಗೆ ಹಕ್ಕಿ ನೋಡಾಕ ಹೋಗೋಣು ಅಂತ ಪ್ರತಿ ಚಳಿಗಾಲ ಅನ್ನುತ್ತಿದ್ದ. ಒಂದು ಸಲವೂ ಕರೆದುಕೊಂಡು ಹೋಗಲಿಲ್ಲ.

ದಾನಪ್ಪನಿಗೆ ಚರ್ಚಿನಲ್ಲಿ ಒಂದು ಕೆಲಸವಿತ್ತು. ಯಾರೂ ಕೊಟ್ಟದ್ದಲ್ಲ, ಅವನೇ ಹಿಡಿದದ್ದು. ಕ್ರಿಸ್‌ಮಸ್‌ಗೆ ನಾಲ್ಕು ವಾರ ಮೊದಲು ಬಿದಿರು ಸೀಳಿ, ಪತಂಗದ ಹಾಳಿ ಹಚ್ಚಿ, ಒಳಗೆ ಬಲ್ಬು ಇಟ್ಟು ಆಳೆತ್ತರದ ನಕ್ಷತ್ರ ಮಾಡುವುದು. ಗಂಟಿಯ ಕಮಾನಿಗೆ ಅದನ್ನು ಕಟ್ಟುವುದು. ಒಂದು ನಿಚ್ಚಣಿಕಿ ಸಾಕಾಗುವ ಎತ್ತರ ಅದು.

ಈ ವರ್ಷ ಗದಗಿನ ಇನ್ನೊಂದು ಸಭೆಯವರು ತಮ್ಮ ನಕ್ಷತ್ರವನ್ನು ಗೋಪುರದ ತುದಿಗೆ ಕಟ್ಟಿದರು. ಯಾಕೋಬಪ್ಪ ಅದರ ಫೋಟೋ ಹೊಡೆದುಕೊಂಡು ಬಂದು ದಾನಪ್ಪನ ಮುಖಕ್ಕೆ ಹಿಡಿದರು. ನಮ್ಮದು ಇದಕ್ಕಿಂತ ಒಂದು ಮೊಳ ಮ್ಯಾಲ ಇರಬೇಕು ಅಂದರು. ಶನಿವಾರ ಮಧ್ಯಾಹ್ನ. ಒಂದು ನಿಚ್ಚಣಿಕಿ ಸಾಲದು, ಎರಡು ಜೋಡಿಸಿ ಕಟ್ಟಬೇಕು.

“ಬಿದಿರಿಂದು ಜೋಡಿಸಿದ್ರ ನಡುವ ಬಾಗತೈತ್ರಿ,” ಅಂದ ದಾನಪ್ಪ. “ಕಬ್ಬಿಣದ್ದು ತರಸೋಣು. ನಾಳಿ ಆರಾಧನಿ ಮುಗದ ಮ್ಯಾಲ ಕಟ್ಟತೀನಿ.”

“ನಾಳಿ ಮಂದಿ ಬರೂದ್ರಾಗ ಮ್ಯಾಲ ಇರಬೇಕೋ. ದೇವರ ಕೆಲಸಕ್ಕ ಅಂಜತಾರೇನು? ಹತ್ತು.”

ದಾನಪ್ಪ ಹತ್ತಿದ. ಹಿರಿಯರ ಮಾತು ಮೀರಿ ಗೊತ್ತಿಲ್ಲದ ಮನುಷ್ಯ. ಕಸ್ತೂರೆವ್ವ ಬುಡ ಹಿಡಿದು ನಿಂತಳು. ಹಿರಿಯರು ಗೇಟಿನ ತನಕ ಹಿಂದೆ ಸರಿದು, ಕತ್ತೆತ್ತಿ, ಎಡಕ್ಕ, ಇನ್ನಷ್ಟು ಎಡಕ್ಕ ಅಂತ ಕೈ ಮಾಡಿದರು. ದಾನಪ್ಪ ಎಡಕ್ಕೆ ಬಾಗಿದ. ಜೋಡಿಸಿದ ಕಡೆ ಹಗ್ಗ ಸರಿಯಿತು. ಆಕಿಯ ಕೈಯೊಳಗಿನ ಬಿದಿರು ಒಮ್ಮೆ ಹಗುರಾತು. ಚರ್ಚಿನ ಮುಂದಿನ ಕಲ್ಲಿನ ಮೆಟ್ಟಿಲು ಅಲ್ಲೇ ಇತ್ತು. ದವಾಖಾನಿ ಮುಟ್ಟುವ ಮೊದಲೇ ಜೀವ ಹೋತು.

ಮಣ್ಣಿಗೆ ಇಡುವ ಹೊತ್ತಿಗೆ ಮಾತು ತಯಾರಾಗಿತ್ತು. ಕಾಲು ಜಾರಿತು. ದೇವರ ಸೇವೆಯಲ್ಲೇ ಹೋದ, ಪುಣ್ಯವಂತ. ಹೋದ ವರ್ಷವಷ್ಟೇ ಬಂದಿದ್ದ ಹುಡುಗ ವಯಸ್ಸಿನ ಪಾಸ್ಟರು ಲಾಜರನ ಕತೆ ಹೇಳಿದರು. ಯೇಸುವಿನ ಗೆಳೆಯ ಲಾಜರ ಸತ್ತು ನಾಲ್ಕು ದಿನ ಆಗಿರುತ್ತದೆ. ಅಕ್ಕತಂಗಿಯರು ಅಳುತ್ತಿರುತ್ತಾರೆ. ಯೇಸು ಗೋರಿಗೆ ಬರುತ್ತಾನೆ. “ಕರ್ತನು ಮನಸ್ಸಿನಲ್ಲಿ ಮರುಗಿದನು, ಕಣ್ಣೀರಿಟ್ಟನು. ಆದರೆ ಸಿಟ್ಟಾಗಲಿಲ್ಲ. ನಾವೂ ಹಾಗೇ ಇರೋಣ,” ಅಂದರು. ಹೇಳುವಾಗ ಯಾಕೋಬಪ್ಪನ ಕಡೆ ನೋಡಲಿಲ್ಲ. ಕಸ್ತೂರೆವ್ವ ನೋಡಿದಳು.

ಆವತ್ತಿನಿಂದ ಅಳು ಬರಲಿಲ್ಲ ಆಕಿಗೆ. ಸಿಟ್ಟು ಬಂತು. ಬಂದದ್ದು ಹೋಗಲಿಲ್ಲ. ಕುಂತರೆ ಕೂಡಿ ಕುಂಡ್ರುತ್ತಿತ್ತು, ಉಣ್ಣಾಕ ಕುಂತರೆ ತಾಟಿನ ಎದುರು ಇರುತ್ತಿತ್ತು. ರಾಟಿ ತಿರುವಿದರೆ ಕೈಗೆ ಇಳಿಯುತ್ತಿತ್ತು. ಬಾಜೂಮನಿಯ ಸಾಬೀರಾನ ಮಗ್ಗಕ್ಕೆ ಆಕಿಯೇ ಕಂಡಿಕೆ ಸುತ್ತಿ ಕೊಡುವಾಕಿ. ಒಂದು ಮುಂಜಾನೆ ಸಾಬೀರಾ ಬುಟ್ಟಿ ಹೊತ್ತು ತಿರುಗಿ ಬಂದಳು.

“ಕಸ್ತೂರಕ್ಕ, ನೀ ಸುತ್ತಿದ ಕಂಡಿಕಿ ಕಲ್ಲ ಆಗ್ಯಾವ. ಮಗ್ಗದಾಗ ನೂಲ ಹರಿಯಾಕತ್ತೈತಿ. ಯಾರ ಕುತ್ತಿಗಿ ಅಂತ ತಿಳದು ಸುತ್ತೀಯೋ ಏನೋ.”

“ಹೆಸರ ಹೇಳಲೇನು?”

“ಬ್ಯಾಡ. ಹೇಳೂದಿದ್ರ ನಮ್ಮ ಮಾವನ ಹೆಸರೂ ಅದರಾಗ ಸೇರಿಸು.”

ಇಬ್ಬರೂ ನಗಲಿಲ್ಲ, ಆದರೆ ಎದಿ ಒಂದಿಷ್ಟು ಸಡಿಲಾತು. ಸಾಬೀರಾ ಕುಂತು ಚಹಾ ಕುಡಿದಳು. ಆಕಿಯೊಬ್ಬಳೇ ಸುಮ್ಮನಿರು ಅಂತ ಹೇಳದಾಕಿ.

ಸ್ನೇಹಾ ಹೇಳುತ್ತಿದ್ದಳು. “ಯವ್ವಾ, ನಾಕ ಸಾಲು ಅಷ್ಟ. ಹೇಳಿ ಬಿಡ. ಇಲ್ಲಾಂದ್ರ ಮಂದಿ ನಮ್ಮನ್ನ ದೂರ ಇಡ್ತಾರ. ನನಗ ಅಲ್ಲಿ ಗೆಳತ್ಯಾರು ಅದಾರ.”

“ನಾ ಅದನ್ನ ಹೇಳಿದ್ರ ನಿನ್ನಪ್ಪ ಕಾಲು ಜಾರಿ ಬಿದ್ದಾಂವ ಆಗತಾನ. ಕಡೀ ತನಕ. ನಿನ್ನ ಮಕ್ಕಳಿಗೂ ಹಂಗ ಹೇಳ್ತಾರ. ಒಂದ ಸಲಾನೂ ಕಾಲು ಜಾರಿದ ಮನಿಷ್ಯಾ ಅಲ್ಲ ಆಂವ.”

ಮಗಳು ಮುಖ ತಿರುವಿದಳು. ಮಗಳ ಮಾತೂ ಸುಳ್ಳಲ್ಲ. ಅದು ಇನ್ನೂ ಸಿಟ್ಟು ತರಿಸಿತು.

ಒಂದು ಪ್ರಶ್ನೆ ಮಾತ್ರ ಕಸ್ತೂರೆವ್ವನನ್ನು ತಿನ್ನುತ್ತಿತ್ತು. ಹಿರಿಯರ ಮಾತು ಹೋಗಲಿ. ಕರ್ತನೇ ಗೋರಿಯ ಮುಂದೆ ಸಿಟ್ಟಾಗಲಿಲ್ಲ ಅಂದರೆ ತಾನು ಯಾವ ಗಿಡದ ತಪ್ಪಲು? ಅದನ್ನು ಕೇಳಲು ಮೂವತ್ತಾರನೇ ದಿನ ಸುವಾರ್ತಪ್ಪ ಮಾಸ್ತರರ ಮನಿಗೆ ಹೋದಳು.

ಮಾಸ್ತರರಿಗೆ ಎಂಬತ್ತು ಸಮೀಪ. ಹರೆಯದಲ್ಲಿ ಪಾಸ್ಟರು ಆಗಬೇಕು ಅಂತ ಮಂಗಳೂರಿಗೆ ಓದಾಕ ಹೋಗಿ, ಅಲ್ಲಿ ಯಾರ ಸಂಗಡವೋ ವಾದ ಬಿದ್ದು, ಅರ್ಧಕ್ಕೆ ಬಿಟ್ಟು ಬಂದವರು. ಶಿರಹಟ್ಟಿಯಲ್ಲಿ ಸಾಲಿ ಕಲಿಸಿ ಮುದುಕರಾದರು. ಹೆಂಡತಿ ಸತ್ತು ಬಾಳ ವರ್ಷ. ಕಟ್ಟೆಯ ಮೇಲೆ ಬಿಸಿಲು ಕಾಯಿಸುತ್ತ, ಬೆನ್ನು ಕಿತ್ತ ಒಂದು ದಪ್ಪ ಪುಸ್ತಕ ತೊಡೆಯ ಮೇಲೆ ಇಟ್ಟುಕೊಂಡಿದ್ದರು.

“ಮಾಸ್ತರ, ಒಂದ ಮಾತು ಕೇಳಾಕ ಬಂದೀನಿ. ಲಾಜರನ ಗೋರಿ ಮುಂದ ಯೇಸು ಮರುಗಿದ ಅಂದ್ರು ಪಾಸ್ಟರು. ಅಷ್ಟ ಏನ್ರಿ ಆತ ಮಾಡಿದ್ದು?”

ಮಾಸ್ತರರು ಸರಿದು ಕಟ್ಟೆಯ ಮೇಲೆ ಜಾಗ ಮಾಡಿದರು. “ಕುಂಡ್ರು. ಇದನ್ನ ಕೇಳೂವರು ಬರತಾರ ಅಂತ ಐವತ್ತು ವರ್ಷ ಕಾದೀನಿ. ಯಾರೂ ಬಂದಿಲ್ಲ.”

ಪುಸ್ತಕ ತೆರೆದರು. ಅಕ್ಷರ ಯಾವುದೂ ಆಕಿಗೆ ತಿಳಿಯುವಂಥದ್ದಲ್ಲ, ಇರುವಿ ಸಾಲಿನಂತೆ ಇತ್ತು.

“ಸುವಾರ್ತಿ ಮೊದಲು ಬರದಿದ್ದು ಗ್ರೀಕ್ ಭಾಷಾದಾಗ. ಇಲ್ಲಿ ನೋಡು, ಇದು ಕ್ರಿಯಾಪದ. ಎಂಬ್ರಿಮಾವೊಮಾಯ್ ಅಂತಾರ. ನಾವು ಇದಕ್ಕ ಮರುಗಿದ, ನೊಂದ, ಅಂತ ಅನ್ಕೊಂತ ಬಂದೀವಿ. ಇದರಾಗ ಮರುಗೂದು ಇಲ್ಲವ್ವಾ.”

“ಮತ್ತೇನೈತಿ?”

“ಸಿಟ್ಟೈತಿ.”

ಕಸ್ತೂರೆವ್ವ ಸೆರಗು ಬಿಗಿ ಮಾಡಿಕೊಂಡಳು. “ನನಗ ಸಮಾಧಾನ ಆಗಲಿ ಅಂತ ಹೇಳಬ್ಯಾಡ್ರಿ. ಖರೆ ಹೇಳ್ರಿ.”

“ಒಂದ ಮಾತಿನ ಅರ್ಥ ತಿಳೀಬೇಕಂದ್ರ ಅದು ಯಾರ್‍ಯಾರ ಮನಿಗೆ ಹೋಗಿ ಬಂದೈತಿ ನೋಡಬೇಕು. ಹೊಸ ಒಡಂಬಡಿಕ್ಯಾಗ ಈ ಮಾತು ಐದ ಕಡೆ ಬರತೈತಿ. ಕುಷ್ಠದಾಂವ ಒಬ್ಬಾಂವಗ ಆರಾಮ ಮಾಡಿ, ಯಾರ ಮುಂದೂ ಹೇಳಬ್ಯಾಡ ಅಂತ ಯೇಸು ಗದರಿಸಿ ಕಳಸ್ತಾನ. ಅಲ್ಲಿ ಈ ಮಾತು. ಇಬ್ಬರು ಕುರುಡರಿಗೆ ಕಣ್ಣು ಕೊಟ್ಟು ಹಂಗ ಗದರಿಸ್ತಾನ. ಅಲ್ಲೂ ಇದ ಮಾತು. ಇನ್ನೊಂದು ಕಡೆ, ಒಬ್ಬ ಹೆಣಮಗಳು ತುಟ್ಟಿ ಸುಗಂಧದೆಣ್ಣಿ ತಂದು ಆತನ ತಲಿಮ್ಯಾಲ ಸುರೀತಾಳ. ಕುಂತ ಮಂದಿ, ಎಷ್ಟ ದಂಡ ಮಾಡಿದಿ ಅಂತ ಆಕಿ ಮ್ಯಾಲ ಹರಿಹಾಯ್ತಾರ. ಅಲ್ಲೂ ಇದ. ಅವರು ಆಕಿಗೆ ಮರುಗಿದ್ರು ಅಂತ ಯಾರರ ಹೇಳ್ತಾರೇನು?”

“ಇಲ್ಲ.”

“ಉಳದ ಎರಡು ಲಾಜರನ ಸಾವಿನ್ಯಾಗ. ಅಲ್ಲಿಗೆ ಬಂದ ಕೂಡ್ಲೆ ಅದ ಮಾತಿಗೆ ಮೆತ್ತನ ಅರಿವಿ ಸುತ್ತಿಬಿಟ್ರು. ದೇವರ ಮಗ ಹೆಣದ ಮನ್ಯಾಗ ಸಿಟ್ಟಾದ ಅನ್ನಾಕ ಬಾಯಿ ಬರಲಿಲ್ಲ. ಅಲ್ಲಿ ಒಳಗಿಂದೊಳಗ ಕಲಮಲಿಸಿದ ಅಂತನ ತಿಳೀಬೇಕು ಅನ್ನೂ ಪಂಡಿತರೂ ಅದಾರ. ವಾದ ಐತಿ, ಸುಳ್ಳ ಯಾಕ ಹೇಳಲಿ. ನನಗ ಮಾತ್ರ ಸಿಟ್ಟು ಅಂತ ಕಾಣತೈತಿ. ಇನ್ನೂ ಹಳೇ ಗ್ರೀಕರು ಇದನ್ನ ಕುದುರಿಗೆ ಹೇಳ್ಯಾರ. ಕುದುರಿ ಮೂಗಿಲೆ ಅದೇನೋ ಮಾಡತೈತಲ್ಲ...”

“ಫರ್ ಅಂತೈತಿ,” ಅಂದಳು ಕಸ್ತೂರೆವ್ವ.

ಮಾಸ್ತರರು ಕತ್ತೆತ್ತಿದರು.

“ನಮ್ಮಪ್ಪನ ಟಾಂಗಾದ ಕುದುರಿ, ಬಾಳ ಸಾಧು ಇತ್ತು. ಒಂದ ಸಲ ಮುಳಗುಂದ ನಾಕಾದಾಗ ಲಾರಿ ಬಡದು ಒಂದ ಕರ ಸತ್ತು ಬಿದ್ದಿತ್ತು. ಕುದುರಿ ನಿಂತಬಿಡ್ತು. ಅಂಜಿದ ಕುದುರಿ ಹಿಂದ ಸರೀತೈತ್ರಿ, ಇದು ಸರೀಲಿಲ್ಲ. ನಾಕೂ ಕಾಲು ಊರಿ, ಮೂಗಿನ ಹೊಳ್ಳಿ ಅಗಲ ಮಾಡಿ, ಆ ಹೆಣದ ಮ್ಯಾಲ ಫರ್ ಫರ್ ಅಂತ ಉಸಿರು ಉಗಳತಿತ್ತು. ಇದು ಹಿಂಗ ಬೀಳಬಾರದಾಗಿತ್ತು ಅನ್ನೂವಂಗ. ನಮ್ಮಪ್ಪ ಚಾಬೂಕು ಎತ್ತಲಿಲ್ಲ. ಸಿಟ್ಟ ಇಳೀಲಿ ಅಂತ ಇಳದು ನಿಂತ.”

ಮಾಸ್ತರರು ಪುಸ್ತಕ ಮುಚ್ಚಿದರು. “ನಾ ಇದನ್ನ ಹರೇದಿಂದ ಓದೀನಿ. ಕುದುರಿ ಸಮೀಪದಿಂದ ನೋಡಿದ್ದಿಲ್ಲ.”

“ಯಾರ ಮ್ಯಾಲ ಸಿಟ್ಟಾದ ಆತ?”

“ಬರದಿಲ್ಲ. ಸಾವಿನ ಮ್ಯಾಲ ಅಂತಾರ ಕೆಲವರು. ಸುತ್ತ ನಿಂತ ಮಂದಿ ಮ್ಯಾಲ ಅಂತಾರ ಕೆಲವರು.”

“ಎರಡ ಸಲ ಅಂದ್ರಿ.”

“ಎರಡ ಸಲ. ಅಳೂವರನ್ನ ನೋಡಿ ಒಂದ ಸಲ. ನಡುವ ತಾನೂ ಅತ್ತ. ಗೋರಿ ಹತ್ರ ಬಂದು ಮತ್ತೊಂದ ಸಲ.”

“ಅತ್ತ ಮ್ಯಾಲೂ ಹೋಗಲಿಲ್ಲ ಹಂಗಾರ.”

“ಹೋಗಲಿಲ್ಲ.”

“ಅತ್ತ ಬಿಡ, ಹಗುರ ಆಗತೈತಿ ಅಂತಾರ ನನಗ ಎಲ್ಲಾರೂ.”

“ಆತಗ ಹಗುರ ಆಗಲಿಲ್ಲ. ಹೋಗಿ, ಕಲ್ಲು ತಗೀರಿ ಅಂದ.” ಮಾಸ್ತರರು ಪುಸ್ತಕ ಬದಿಗಿಟ್ಟರು. ಆಮೇಲೆ ಅಂಜಿದವರಂತೆ ಅಂದರು: “ನೋಡವ್ವಾ, ನಾ ಹೇಳಿದ್ದು ಅಂತ ಅಲ್ಲಿ ಹೋಗಿ ಯಾರಿಗೂ ಬೈಬ್ಯಾಡ. ಈ ಮಾತು ಬೈಗಳಕ್ಕ ಪರವಾನಗಿ ಅಲ್ಲ.”

“ಬೈಯಾಕ ನನಗ ಗ್ರೀಕ ಬೇಕಾಗಿಲ್ರಿ,” ಅಂದು ಕಸ್ತೂರೆವ್ವ ಎದ್ದಳು. “ನಲವತ್ತಕ್ಕ ಬರ್‍ರಿ. ಆ ಪುಸ್ತಕ ತಗೊಂಡು ಬರ್‍ರಿ.”

ಬರುವ ಹಾದಿಯಲ್ಲಿ, ನಡು ಬಜಾರದಲ್ಲಿ, ಕಾಯಿಪಲ್ಯದವರ ಮುಂದೆ ಆಕಿಗೆ ಅಳು ಬಂತು. ನಿಂತು ಅತ್ತಳು. ಒಬ್ಬ ಮುದುಕಿ ಕೊತಂಬರಿ ಸಿವುಡು ಬದಿಗಿಟ್ಟು ನೀರು ಕೊಟ್ಟಳು. ಕುಡಿದು ಮನಿಗೆ ಬಂದು ರಾಟಿಗೆ ಕುಂತಳು. ಸಿಟ್ಟು ಬಿಟ್ಟ ಜಾಗದಲ್ಲೇ ಇತ್ತು. ಈಗ ಅದನ್ನು ಕಂಡು ಆಕಿಗೆ ಅಂಜಿಕಿ ಆಗಲಿಲ್ಲ.

ನಲವತ್ತನೇ ದಿನ ಮುಂಜಾನೆ ಮನಿ ಮುಂದೆ ನೆರಳಿಗೆ ಗೋಣಿತಟ್ಟು ಕಟ್ಟಿದರು. ಸಾಬೀರಾ ಬಂದು ಹುಗ್ಗಿಯ ಹಂಡೆ ಇಳಿಸಲು ಕೈ ಹಚ್ಚಿದಳು. ಸಭೆಯವರು ಐವತ್ತು ಮಂದಿ ಚಾಪೆಯ ಮೇಲೆ ಕುಂತರು. ಕೀರ್ತನೆ ಆತು. ಪಾಸ್ಟರು ಪ್ರಾರ್ಥನೆ ಮಾಡಿದರು. ಯಾಕೋಬಪ್ಪ ಕಸ್ತೂರೆವ್ವನ ಕಡೆ ನೋಡಿ ತಲಿ ಆಡಿಸಿದರು. ಆಕಿ ಎದ್ದಳು. ಹಾಳಿ ಕೈಯಲ್ಲಿ ಇತ್ತು. ಸ್ನೇಹಾ ಕಣ್ಣು ಮುಚ್ಚಿಕೊಂಡಳು.

“ಕರ್ತನು ತನ್ನ ಸೇವೆಯಲ್ಲಿರುವಾಗಲೇ ನನ್ನ ಗಂಡನನ್ನು,” ಅಂತ ಓದಿ ನಿಂತಳು. “ಇದು ನನ್ನ ಮಾತಲ್ಲ. ಯಾಕೋಬಪ್ಪಾರು ಬರದು ಕೊಟ್ಟಿದ್ದು. ಸಾಕ್ಷಿ ಅಂದ್ರ ಕಂಡದ್ದು ಹೇಳೂದು. ನಾ ಕಂಡದ್ದು ಹೇಳತೀನಿ.”

ಹಾಳಿಯನ್ನು ಎರಡು ಮಾಡಿದಳು, ನಾಲ್ಕು ಮಾಡಿದಳು.

“ನನ್ನ ಗಂಡ ಜಾರಿ ಬೀಳಲಿಲ್ಲ. ಬ್ಯಾಡ ಅಂದಿದ್ದ. ಕಬ್ಬಿಣದ್ದು ತರಸೋಣು, ನಾಳಿ ಕಟ್ಟತೀನಿ ಅಂದಿದ್ದ. ಹತ್ತು ಅಂದ್ರು. ಇನ್ನೊಂದ ಸಭಾದವರ ನಕ್ಷತ್ರಕ್ಕಿಂತ ನಮ್ಮದು ಒಂದ ಮೊಳ ಮ್ಯಾಲ ಇರಬೇಕಂತ ಹತ್ತು ಅಂದ್ರು. ದೇವರು ಕರೀಲಿಲ್ಲ ಆತನ್ನ.”

ಪಾಸ್ಟರು ಅರ್ಧ ಎದ್ದರು. “ಅವ್ವಾ, ಇದು ಪ್ರಾರ್ಥನೆಯ ವ್ಯಾಳೆ. ಸಿಟ್ಟಿನ ಮಾತು ಇಲ್ಲಿ...”

“ಗೋರಿ ಮುಂದ ಕರ್ತ ಸಿಟ್ಟಾಗಲಿಲ್ಲ ಅಂತ ಮಣ್ಣಿನ ದಿನ ನೀವ ಹೇಳಿದ್ರಿ. ಆಗಿದ್ದ. ಎರಡ ಸಲ ಆಗಿದ್ದ. ಮಾಸ್ತರ ಪುಸ್ತಕ ತಂದಾರ, ನೀವು ಓದಿದವರು, ನೋಡಿ ಅಲ್ಲ ಅನ್ನಿರಿ.”

ಸುವಾರ್ತಪ್ಪ ಮಾಸ್ತರರು ಪುಸ್ತಕ ಮುಂದೆ ಚಾಚಿದರು. ಪಾಸ್ಟರು ಅದನ್ನು ತೆಗೆದುಕೊಳ್ಳಲಿಲ್ಲ. ನೋಡುವ ಜರೂರಿ ಅವರಿಗೆ ಇರಲಿಲ್ಲ.

“ಹಂಗೂ ಅರ್ಥ ಐತಿ,” ಅಂದರು ಕೆಳಗೆ ನೋಡುತ್ತ. “ನಮಗ ಕಾಲೇಜಿನ್ಯಾಗ ಕಲಿಸಿದ್ರು. ಸಭಾದಾಗ ಹೇಳೂದು ಬ್ಯಾಡ ಅನ್ನಿಸ್ತು ನನಗ.”

“ಯಾಕ ಬ್ಯಾಡ ಅನ್ನಿಸ್ತು?”

ಪಾಸ್ಟರು ಕುಂತರು.

ಯಾಕೋಬಪ್ಪ ಗಂಟಲು ಸರಿ ಮಾಡಿಕೊಂಡರು. “ದುಃಖದಾಗ ಹೆಣ್ಣಮಕ್ಕಳು ಏನರ ಅಂತಾರ. ಕಾಲು ಜಾರಿದ್ದು ಎಲ್ಲಾರೂ ನೋಡ್ಯಾರ.”

“ಎಲ್ಲಾರೂ ಅಂದ್ರ ಯಾರು? ಬುಡ ಹಿಡದಾಕಿ ನಾನು. ಗೇಟಿನ್ಯಾಗ ನಿಂತವರು ನೀವು. ಮ್ಯಾಲ ಇದ್ದಾಂವ ಇಲ್ಲ. ನಾಕನೇದವ ಇದ್ರ ಕೈ ಎತ್ತಲಿ.”

ಯಾರೂ ಎತ್ತಲಿಲ್ಲ. ಚಾಪೆಯ ತುದಿಯಲ್ಲಿ ಒಂದು ಕೂಸು ಅಳಹತ್ತಿತು, ತಾಯಿ ಅದನ್ನು ಎತ್ತಿಕೊಂಡು ಹೊರಗೆ ಹೋಗಲಿಲ್ಲ. ಅಲ್ಲೇ ಕುಂತು ತಟ್ಟಿದಳು.

“ದೊಡ್ಡ ಮಾತು ಕೇಳಾಕತ್ತಿಲ್ಲ ನಾ,” ಅಂದಳು ಕಸ್ತೂರೆವ್ವ. “ಪೊಲೀಸರನ್ನ ಕರಸಿಲ್ಲ. ಹತ್ತು ಅಂದಿರೋ, ಇಲ್ಲೋ? ಅಷ್ಟ ಹೇಳ್ರಿ.”

ಯಾಕೋಬಪ್ಪ ಎದುರಿಗೆ ಕುಂತ ಮಂದಿಯನ್ನು ಒಬ್ಬೊಬ್ಬರನ್ನಾಗಿ ನೋಡಿದರು. ಅವರು ಇಷ್ಟು ದಿನ ಕಟ್ಟಿದ ಮಾತನ್ನು ಹೊರುವವರು ಯಾರಾದರೂ ಸಿಗುತ್ತಾರೇನೋ ಅಂತ ನೋಡಿದಂತಿತ್ತು. ಎಲ್ಲರೂ ಚಾಪೆ ನೋಡುತ್ತಿದ್ದರು.

“ಅಂದೆ,” ಅಂದರು.

“ನನ್ನ ಮಗಳಿಗೆ ಕೇಳಸಲಿಲ್ಲ.”

“ಹತ್ತು ಅಂತ ನಾನ ಅಂದೆ.” ಈ ಸಲ ಸ್ನೇಹಾ ಕುಂತ ಕಡೆ ತಿರುಗಿ ಅಂದರು. “ನಾಳಿ ಕಟ್ಟತೀನಿ ಅಂದಿದ್ದ. ನಾ ಕೇಳಲಿಲ್ಲ. ಆಂವ ಜಾರಲಿಲ್ಲ. ಕ್ಷಮಾ ಮಾಡು, ತಂಗಿ.”

ಪಾಸ್ಟರು ಜಲ್ದಿ ಎದ್ದು ಎರಡೂ ಕೈ ಎತ್ತಿದರು. “ಕರ್ತನಿಗೆ ಸ್ತೋತ್ರ. ನಮ್ಮ ಸಹೋದರಿ ಈಗ ಕ್ಷಮಿಸಿದ್ದಾಳೆ ಅಂತ ನಾವೆಲ್ಲ...”

“ನಾ ಇನ್ನೂ ಏನೂ ಅಂದಿಲ್ರಿ,” ಅಂದಳು ಕಸ್ತೂರೆವ್ವ. “ಈಗ ತಾನ ಒಂದ ಹಾಳಿ ಹರದೀನಿ. ಇನ್ನೊಂದು ಬರೀಬ್ಯಾಡ್ರಿ. ಕ್ಷಮಾ ಮಾಡಿದಾಗ ನಾನ ಬಂದು ಹೇಳತೀನಿ.”

ಪಾಸ್ಟರ ಕೈ ಕೆಳಗೆ ಇಳಿದವು. ಆಕಿ ಸ್ನೇಹಾನ ಕಡೆ ನೋಡಿದಳು. ಹುಡುಗಿ ಕಣ್ಣು ತೆರೆದು ತನ್ನ ತಾಯಿಯನ್ನೇ ನೋಡುತ್ತಿದ್ದಳು. ಮುಖ ತಿರುವಲಿಲ್ಲ.

“ಎಲಿ ಹಾಕು,” ಅಂದಳು ಕಸ್ತೂರೆವ್ವ.

ನಲವತ್ತರ ಊಟದಲ್ಲಿ ಮನಿಯ ಹೆಣ್ಣುಮಗಳು ಮೊದಲ ತುತ್ತು ಸಭೆಯ ಹಿರಿಯರಿಗೆ ತನ್ನ ಕೈಯಿಂದ ನೀಡಬೇಕು. ಅದು ಆ ಸಭೆಯ ಪದ್ಧತಿ. ಅಲ್ಲಿಗೆ ಸಾವು ಮುಗಿಯಿತು ಅಂತ ಅರ್ಥ. ಯಾಕೋಬಪ್ಪ ಯಾವಾಗಿನಂತೆ ಸಾಲಿನ ಮೊದಲು ಕುಂತಿದ್ದರು, ಎದ್ದು ಹೋಗುವ ಧೈರ್ಯವೂ ಇರಲಿಲ್ಲ. ಕಸ್ತೂರೆವ್ವ ಹುಗ್ಗಿಯ ಪಾತ್ರೆ ಹಿಡಿದು ಬಂದಳು. ಅವರ ಎಲಿ ದಾಟಿದಳು. ಎರಡನೆಯವರಿಂದ ಬಡಿಸಲು ಶುರು ಮಾಡಿದಳು. ಮಾಸ್ತರರಿಗೆ ಎರಡು ಸೌಟು ಹಾಕಿದಳು. ಪಾಸ್ಟರಿಗೂ ನೀಡಿದಳು. ಯಾರೂ ಕೈ ಹಚ್ಚಲಿಲ್ಲ, ಮೊದಲ ಎಲಿ ಖಾಲಿ ಇತ್ತು.

ಸಾಬೀರಾ ಹಿಂದಿನಿಂದ ಬಂದು ಕಿವಿಯಲ್ಲಿ ಕೇಳಿದಳು. “ಕಸ್ತೂರಕ್ಕ, ಆ ಎಲಿ?”

“ನೀ ನೀಡು. ಹೊಟ್ಟಿ ತುಂಬ ನೀಡು. ನನ್ನ ಮನಿಯಿಂದ ಯಾರೂ ಹಸಗೊಂಡು ಹೋಗಬಾರದು. ನನ್ನ ಕೈಲೆ ಮಾತ್ರ ಆಗೂದಿಲ್ಲ.”

ಸಾಬೀರಾ ನೀಡಿದಳು. ಯಾಕೋಬಪ್ಪ ತಲಿ ತಗ್ಗಿಸಿ ತುತ್ತು ಮಾಡಿದರು. ಅವರು ಉಂಡ ಮೇಲೆ ಉಳಿದವರೂ ಕೈ ಹಚ್ಚಿದರು. ಕಸ್ತೂರೆವ್ವ ಪಾತ್ರೆ ತುಂಬಿಸಿಕೊಂಡು ಎರಡನೇ ಸಾಲಿಗೆ ಹೋದಳು.